ಮನೆ ಇದೆ, ಕೈಯಲ್ಲಿ ಕಾಸಿಲ್ಲ: ಕೆಲಸ ಬದಲಿಸುವವರ ಲೆಕ್ಕ

ಬೆಂಗಳೂರಿನಲ್ಲಿ 80 ಲಕ್ಷ ಬೆಲೆಬಾಳುವ ಫ್ಲ್ಯಾಟ್ ಇರುವವರ ಉಳಿತಾಯ ಖಾತೆಯಲ್ಲಿ 80 ಸಾವಿರ ಇಲ್ಲದಿರುವುದು ಅಪರೂಪವೇನಲ್ಲ. ಮುಂಗಡಕ್ಕೆ, ನೋಂದಣಿಗೆ, ಒಳಗಿನ ಮರಗೆಲಸಕ್ಕೆ ಕೂಡಿಟ್ಟದ್ದೆಲ್ಲ ಹೋಗಿರುತ್ತದೆ. ಉಳಿದದ್ದನ್ನು ತಿಂಗಳು ತಿಂಗಳು ಕಂತು ನುಂಗುತ್ತದೆ. ಇಂಥವರು ನಲವತ್ತರ ಆಸುಪಾಸಿನಲ್ಲಿ ಈ ಕೆಲಸ ಸಾಕು, ಬೇರೇನೋ ಮಾಡಬೇಕು ಎಂದು ತೀರ್ಮಾನಿಸಿದಾಗ ಮೊದಲು ಹೊಳೆಯುವುದು ಒಂದೇ ದಾರಿ: ಹೇಗೂ ಮನೆ ಇದೆಯಲ್ಲ, ಅದರ ಮೇಲೆ ಸಾಲ ತೆಗೆದರಾಯಿತು.

ಹೆಚ್ಚಿನವರು ಎಡವುವುದು ಇಲ್ಲಿಯೇ. ಬ್ಯಾಂಕು ಮನೆ ನೋಡಿ ಸಾಲ ಕೊಡುವುದಿಲ್ಲ, ಸಂಬಳದ ಚೀಟಿ ನೋಡಿ ಕೊಡುತ್ತದೆ. ಮನೆ ಭದ್ರತೆಯಷ್ಟೆ. ತಿಂಗಳ ಆದಾಯದಲ್ಲಿ ಎಲ್ಲ ಕಂತುಗಳೂ ಸೇರಿ ಎಷ್ಟು ಪಾಲು ಹೋಗುತ್ತದೆ ಎಂಬುದೇ ಅವರ ಮೊದಲ ಲೆಕ್ಕ. ಸಾಮಾನ್ಯವಾಗಿ ಅದು ಅರ್ಧದ ಆಸುಪಾಸು ದಾಟಿದರೆ ಅರ್ಜಿ ಅಲ್ಲಿಗೇ ನಿಲ್ಲುತ್ತದೆ. ರಾಜೀನಾಮೆ ಕೊಟ್ಟ ಮರುತಿಂಗಳು ಅದೇ ಮನೆಯ ಅದೇ ಪತ್ರಗಳನ್ನು ಹಿಡಿದು ಹೋದರೂ ಬಾಗಿಲು ಮುಚ್ಚಿರುತ್ತದೆ. ಆದ್ದರಿಂದ ಈ ವಿಷಯದಲ್ಲಿ ಎಷ್ಟು ಸಾಲ ಎಂಬುದಕ್ಕಿಂತ ಯಾವುದು ಮೊದಲು, ಯಾವುದು ಆಮೇಲೆ ಎಂಬುದೇ ಮುಖ್ಯ.

ಮಾತು ಗಾಳಿಯಲ್ಲಿ ತೇಲದಿರಲು ಒಂದು ಉದಾಹರಣೆ ಹಿಡಿಯೋಣ. ಗಂಡ ಹೆಂಡತಿ ಇಬ್ಬರೂ ದುಡಿಯುವ ಮನೆ. ಒಬ್ಬರು ಕಂಪನಿ ಕೆಲಸ ಬಿಟ್ಟು ಬಿ.ಇಡಿ. ಮಾಡಿ ಶಿಕ್ಷಕರಾಗಬೇಕೆಂದಿದ್ದಾರೆ. ಗೃಹಸಾಲ 30 ಲಕ್ಷ ಬಾಕಿ, ಬಡ್ಡಿ ಶೇ. 8.5, ಇನ್ನು 15 ವರ್ಷ ಉಳಿದಿದೆ. ಕಂತು 29,542 ರೂಪಾಯಿ. ಕಂತು ಬಿಟ್ಟು ಮನೆಖರ್ಚು 45,000. ಕೆಲಸದಲ್ಲಿ ಉಳಿಯುವವರ ಕೈಗೆ ಬರುವ ಸಂಬಳ 50,000.

ಮೊದಲು ಅವಧಿಯ ವಿಚಾರ. ಬಿ.ಇಡಿ. ಈಗ 2 ವರ್ಷದ ಕೋರ್ಸು. ಶಿಕ್ಷಕರ ಶಿಕ್ಷಣದ ರಾಷ್ಟ್ರೀಯ ಮಂಡಳಿಯಾದ ಎನ್‌ಸಿಟಿಇ ನಿಯಮದ ಪ್ರಕಾರ ತರಗತಿಗೆ ಶೇ. 80, ಶಾಲಾ ಇಂಟರ್ನ್‌ಶಿಪ್‌ಗೆ ಶೇ. 90 ಹಾಜರಿ ಬೇಕು. ಇಂಟರ್ನ್‌ಶಿಪ್ ಒಟ್ಟು 20 ವಾರ. ಹಗಲು ಕೆಲಸ, ಸಂಜೆ ಕಾಲೇಜು ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ದೂರಶಿಕ್ಷಣದ ಬಿ.ಇಡಿ. ಇರುವುದು ಈಗಾಗಲೇ ಪಾಠ ಮಾಡುತ್ತಿರುವವರಿಗೆ. ಇಂಜಿನಿಯರಿಂಗ್ ಪದವೀಧರರಿಗೆ ಪ್ರವೇಶಕ್ಕೆ ಶೇ. 55 ಅಂಕ ಬೇಕು ಎಂಬುದನ್ನೂ ಮೊದಲೇ ನೋಡಿಕೊಳ್ಳಬೇಕು. ಕೋರ್ಸು ಮುಗಿದ ಮರುದಿನ ಸಂಬಳ ಶುರುವಾಗುವುದಿಲ್ಲ. ಫಲಿತಾಂಶ ಬರಬೇಕು, ಶಿಕ್ಷಕರ ಅರ್ಹತಾ ಪರೀಕ್ಷೆಯಾದ ಟಿಇಟಿ ಬರೆಯಬೇಕು, ಸಾಮಾನ್ಯ ವರ್ಗದವರಾದರೆ 150ಕ್ಕೆ 90 ಅಂಕ ತೆಗೆಯಬೇಕು. ಖಾಸಗಿ ಶಾಲೆಗಳು ಬಹುತೇಕ ಬೇಸಿಗೆಯಲ್ಲಿ ನೇಮಕ ಮುಗಿಸಿಬಿಡುತ್ತವೆ. ಆ ಸಮಯ ತಪ್ಪಿದರೆ ಇನ್ನೊಂದು ವರ್ಷ ಅರೆಕೆಲಸ. 2 ವರ್ಷದ ಕೋರ್ಸಿಗೆ 24 ತಿಂಗಳ ಹಣ ಹೊಂದಿಸುವುದು ಈ ಹಾದಿಯಲ್ಲಿ ಕಾಣುವ ದೊಡ್ಡ ತಪ್ಪು. 30 ತಿಂಗಳಿಗೆ ಹೊಂದಿಸಬೇಕು. ಅಡುಗೆ, ನರ್ಸಿಂಗ್, ಕಾನೂನು ಎಂದು ಯಾವ ಕಡೆ ಹೊರಟರೂ ಇದೇ ಮಾತು: ಕಲಿಕೆಯ ಅವಧಿ ಬೇರೆ, ಸಂಬಳವಿಲ್ಲದ ಅವಧಿ ಬೇರೆ.

ಈಗ ಕೊರತೆ ಲೆಕ್ಕ ಹಾಕಿ. 45,000 ಮತ್ತು 29,542 ಸೇರಿದರೆ 74,542. ಬರುವುದು 50,000. ತಿಂಗಳಿಗೆ 24,542 ಕಡಿಮೆ. 30 ತಿಂಗಳಿಗೆ 7.36 ಲಕ್ಷ, ಅದರ ಮೇಲೆ ಶುಲ್ಕ, ಆರೋಗ್ಯ ವಿಮೆ. ಈ ಮೊತ್ತ ನೋಡಿದ ಕೂಡಲೇ ಟಾಪ್-ಅಪ್ ಸಾಲಕ್ಕೆ, ಅಂದರೆ ಇರುವ ಗೃಹಸಾಲದ ಮೇಲೆ ಇನ್ನಷ್ಟು ಸಾಲಕ್ಕೆ, ಓಡುವ ಬದಲು ಕೊರತೆಯನ್ನೇ ಕಿರಿದು ಮಾಡಲಾದೀತೇ ಎಂದು ನೋಡುವುದು ಒಳ್ಳೆಯದು. ತಿಂಗಳ ಹೊರಹರಿವಿನಲ್ಲಿ ಉಳಿಸಿದ ಒಂದೊಂದು ಸಾವಿರವೂ ಇಲ್ಲಿ 30 ಸಾವಿರಕ್ಕೆ ಸಮ.

ಗೃಹಸಾಲದಲ್ಲಿ ಎಳೆಯಬಹುದಾದ ಎಳೆ ಎರಡಿವೆ. ಒಂದು ಬಡ್ಡಿದರ. ಹಳೆ ಸಾಲಗಾರರು ಹೊಸಬರಿಗಿಂತ ಹೆಚ್ಚು ದರ ಕಟ್ಟುತ್ತಲೇ ಇರುತ್ತಾರೆ, ಕೇಳುವವರೆಗೆ ಬ್ಯಾಂಕು ತಾನಾಗಿ ಹೇಳುವುದಿಲ್ಲ. ಸಣ್ಣ ಶುಲ್ಕ ಪಡೆದು ದರ ಇಳಿಸಿಕೊಡುವ ಏರ್ಪಾಡು ಬಹುತೇಕ ಬ್ಯಾಂಕುಗಳಲ್ಲಿದೆ. ನಮ್ಮ ಉದಾಹರಣೆಯಲ್ಲಿ ದರ 8.5ರಿಂದ 8ಕ್ಕೆ ಇಳಿದರೆ ಕಂತು ಸುಮಾರು 870 ರೂಪಾಯಿ ಕಡಿಮೆಯಾಗುತ್ತದೆ. ತಮ್ಮ ಬ್ಯಾಂಕು ಒಪ್ಪದೆ ಬೇರೆ ಬ್ಯಾಂಕಿಗೆ ಸಾಲ ವರ್ಗಾಯಿಸುವುದಾದರೆ ಅದು ಹೊಸ ಸಾಲವಿದ್ದಂತೆ: ಸಂಬಳದ ಚೀಟಿ, ಕಂಪನಿ ಕೊಡುವ ತೆರಿಗೆ ಕಡಿತದ ಪತ್ರ ಫಾರ್ಮ್ 16, ಸಾಲದ ಇತಿಹಾಸ ತೋರುವ ಸಿಬಿಲ್ ಅಂಕ ಎಲ್ಲ ಮತ್ತೆ. ಹಾಗಾಗಿ ಇದು ಕೆಲಸದಲ್ಲಿರುವಾಗಲೇ ಮುಗಿಯಬೇಕಾದ ಕೆಲಸ.

ಎರಡನೆಯದು ಅವಧಿ. 15 ವರ್ಷವನ್ನು 25ಕ್ಕೆ ಎಳೆದರೆ ಕಂತು 29,542ರಿಂದ 24,157ಕ್ಕೆ ಇಳಿಯುತ್ತದೆ, ಅಂದರೆ ತಿಂಗಳಿಗೆ 5,385 ರೂಪಾಯಿ ಉಸಿರಾಟ. ಇದು ಹಕ್ಕಲ್ಲ, ಬ್ಯಾಂಕು ಒಪ್ಪಬೇಕು. ರಿಸರ್ವ್ ಬ್ಯಾಂಕು 2023ರ ಆಗಸ್ಟ್‌ನಲ್ಲಿ ಹೊರಡಿಸಿದ ಸುತ್ತೋಲೆಯ ಪ್ರಕಾರ ಬಡ್ಡಿದರ ಮರುನಿಗದಿಯಾಗುವಾಗ ಕಂತು ಏರಿಸುವುದೋ, ಅವಧಿ ಹಿಗ್ಗಿಸುವುದೋ, ಎರಡೂ ಸೇರಿಸುವುದೋ ಎಂಬ ಆಯ್ಕೆಯನ್ನು ಸಾಲಗಾರರ ಮುಂದೆ ಇಡಬೇಕು. ಉಳಿದಂತೆ ಶಾಖೆಗೆ ಹೋಗಿ ಲಿಖಿತವಾಗಿ ಕೇಳಬೇಕು. ವಯಸ್ಸು ಅಡ್ಡ ಬರಬಹುದು: ಸಂಬಳದಾರರ ಸಾಲ 60ಕ್ಕೆ ಮುಗಿಯಬೇಕು ಎನ್ನುವವರಿದ್ದಾರೆ, 70ರವರೆಗೆ ಕೊಡುವವರೂ ಇದ್ದಾರೆ. 45 ದಾಟಿದವರಿಗೆ 25 ವರ್ಷ ಸಿಗುವುದು ಕಷ್ಟ.

ಇದಕ್ಕೆ ಹೊಂದಿಕೊಂಡ ಇನ್ನೊಂದು ಸೂಕ್ಷ್ಮವಿದೆ. ಬೋನಸ್ ಬಂದಾಗ ಸಾಲಕ್ಕೆ ಒಂದಿಷ್ಟು ಮುಂಗಡ ಕಟ್ಟುವ ಅಭ್ಯಾಸ ಒಳ್ಳೆಯದೇ. ಆದರೆ ಹಾಗೆ ಕಟ್ಟಿದಾಗ ಬ್ಯಾಂಕುಗಳು ಸಾಮಾನ್ಯವಾಗಿ ಅವಧಿ ಕುಗ್ಗಿಸುತ್ತವೆ, ಕಂತು ಹಾಗೇ ಇರುತ್ತದೆ. 3 ಲಕ್ಷ ಕಟ್ಟಿ, ಆರು ತಿಂಗಳ ನಂತರ ಕೆಲಸ ಬಿಟ್ಟವರಿಗೆ ಆ 3 ಲಕ್ಷವೂ ಕೈಯಲ್ಲಿಲ್ಲ, ಕಂತೂ ಇಳಿದಿಲ್ಲ. ಕೆಲಸ ಬಿಡುವ ಯೋಚನೆ ಮನಸ್ಸಿನಲ್ಲಿ ಸುಳಿದ ದಿನದಿಂದ ಮುಂಗಡ ಪಾವತಿ ನಿಲ್ಲಿಸಬೇಕು. ಕಟ್ಟಲೇಬೇಕಿದ್ದರೆ "ಅವಧಿ ಬೇಡ, ಕಂತು ಇಳಿಸಿ" ಎಂದು ಬರೆದುಕೊಟ್ಟೇ ಕಟ್ಟಬೇಕು.

ಅವಧಿ ಹಿಗ್ಗಿಸಿದ ಮೇಲೆ ನಮ್ಮ ಕುಟುಂಬದ ಕೊರತೆ ತಿಂಗಳಿಗೆ 19,157. 30 ತಿಂಗಳಿಗೆ 5.75 ಲಕ್ಷ. ಕಾಲೇಜು, ಪುಸ್ತಕ, ಪರೀಕ್ಷೆ ಎಂದು 1.2 ಲಕ್ಷ, ಆರೋಗ್ಯ ವಿಮೆಗೆ 60 ಸಾವಿರ ಇಟ್ಟುಕೊಂಡರೆ ಒಟ್ಟು ಏಳೂವರೆ ಲಕ್ಷ.

ಈ ಏಳೂವರೆ ಲಕ್ಷಕ್ಕೆ 8 ಲಕ್ಷ ಟಾಪ್-ಅಪ್ ತೆಗೆದರೆ ಸರಿಹೋಗುತ್ತದಲ್ಲ ಎನಿಸುತ್ತದೆ. ಸರಿಹೋಗುವುದಿಲ್ಲ. ಶೇ. 9.5ರ ದರದಲ್ಲಿ 10 ವರ್ಷಕ್ಕೆ 8 ಲಕ್ಷದ ಕಂತು 10,352 ರೂಪಾಯಿ. ಅದು ಮರುತಿಂಗಳಿಂದಲೇ ಶುರು. 30 ತಿಂಗಳಲ್ಲಿ 3.1 ಲಕ್ಷ ಬ್ಯಾಂಕಿಗೇ ವಾಪಸು ಹೋಗುತ್ತದೆ. ಮನೆಗೆ ಸಿಕ್ಕಿದ್ದು 8 ಲಕ್ಷವಲ್ಲ, 4.9 ಲಕ್ಷ. ಸಾಲದ ಹಣದಿಂದಲೇ ಸಾಲದ ಕಂತು ಕಟ್ಟುವ ಈ ಸುಳಿಯನ್ನು ಎಷ್ಟೋ ಜನ ಗಮನಿಸುವುದು ಇಪ್ಪತ್ತನೇ ತಿಂಗಳಲ್ಲಿ, ಹಣ ತಳ ಕಂಡಾಗ.

ಇದಕ್ಕೆ ಒಗ್ಗುವುದು ಓವರ್‌ಡ್ರಾಫ್ಟ್. 8 ಲಕ್ಷದ ಮಿತಿ ಮಂಜೂರಾಗಿದ್ದರೂ ತೆಗೆದಷ್ಟಕ್ಕೆ, ತೆಗೆದ ದಿನದಿಂದ ಮಾತ್ರ ಬಡ್ಡಿ. ತಿಂಗಳಿಗೆ 25,000ದಂತೆ 30 ತಿಂಗಳು ತೆಗೆದರೆ ಅದೇ ಶೇ. 9.5ರಲ್ಲಿ ಒಟ್ಟು ಬಡ್ಡಿ ಸುಮಾರು 92 ಸಾವಿರ. ಮೊದಲ ತಿಂಗಳು 200 ರೂಪಾಯಿಯೂ ಇಲ್ಲ, ಕೊನೆಯಲ್ಲಿ 6 ಸಾವಿರದ ಹತ್ತಿರ. ಆದರೆ ಸಹಿ ಹಾಕುವ ಮುನ್ನ ಕೆಲವು ವಿಷಯ ಓದಿ ನೋಡಬೇಕು. ಡ್ರಾಪ್‌ಲೈನ್ ಎಂಬ ಬಗೆಯಲ್ಲಿ ಮಿತಿ ತಿಂಗಳು ತಿಂಗಳು ಇಳಿಯುತ್ತಾ ಹೋಗುತ್ತದೆ. ಎರಡನೇ ವರ್ಷಕ್ಕೆಂದು ನಂಬಿಕೊಂಡ ಹಣ ಅಷ್ಟರಲ್ಲಿ ಇರುವುದಿಲ್ಲ. ಆಸ್ತಿ ಅಡಮಾನದ ಓವರ್‌ಡ್ರಾಫ್ಟ್ ಕೆಲವೆಡೆ ವರ್ಷಕ್ಕೊಮ್ಮೆ ನವೀಕರಣವಾಗಬೇಕು, ಆಗ ಆದಾಯದ ಪುರಾವೆ ಕೇಳುತ್ತಾರೆ. ಎಸ್‌ಬಿಐ ಮ್ಯಾಕ್ಸ್‌ಗೇನ್‌ನಂತೆ ಗೃಹಸಾಲವೇ ಓವರ್‌ಡ್ರಾಫ್ಟ್ ರೂಪದಲ್ಲಿರುವವರಿಗೆ ಈ ಚಿಂತೆ ಕಡಿಮೆ; ಅವರು ಸಂಬಳವಿರುವಾಗ ಹೆಚ್ಚಾಗಿ ಹಾಕಿಟ್ಟ ಹಣವನ್ನು ಬೇಕಾದಾಗ ಹಿಂತೆಗೆಯಬಹುದು.

ಮಿತಿಯೊಳಗೇ ಇದ್ದೇವೆ, ಇನ್ನೇನು ಭಯ ಎಂದುಕೊಳ್ಳುವುದೂ ತಪ್ಪು. ರಿಸರ್ವ್ ಬ್ಯಾಂಕಿನ ನಿಯಮದಂತೆ, ಬಾಕಿ ಮಿತಿಯೊಳಗಿದ್ದರೂ 90 ದಿನಗಳಲ್ಲಿ ಖಾತೆಗೆ ಜಮೆಯಾದ ಹಣ ಆ ಅವಧಿಯ ಬಡ್ಡಿಗಿಂತ ಕಡಿಮೆಯಿದ್ದರೆ ಖಾತೆ ಕ್ರಮ ತಪ್ಪಿದೆ ಎಂದೇ ಲೆಕ್ಕ. ಆದ್ದರಿಂದ ಸಂಗಾತಿಯ ಸಂಬಳವನ್ನೋ ಬಾಡಿಗೆಯನ್ನೋ ಇದೇ ಖಾತೆಗೆ ಬರುವಂತೆ ಮಾಡಿ, ಅಲ್ಲಿಂದ ಖರ್ಚಿಗೆ ತೆಗೆಯುವುದು ಜಾಣತನ. ಹಣ ಬಂದಷ್ಟು ದಿನ ಬಡ್ಡಿಯೂ ಇಳಿಯುತ್ತದೆ.

ಇದನ್ನೆಲ್ಲ ನೋಟಿಸ್ ಪೀರಿಯಡ್‌ನಲ್ಲಿ ಕೂತು, ರಾಜೀನಾಮೆಯ ವಿಷಯ ಮುಚ್ಚಿಟ್ಟು ಮಾಡುವುದು ಬೇಡ. ಅರ್ಜಿಯಲ್ಲಿ ಸುಳ್ಳು ಹೇಳಿ ಪಡೆದ ಸಾಲವನ್ನು ಬ್ಯಾಂಕು ಒಮ್ಮೆಗೇ ವಾಪಸು ಕೇಳಬಹುದು. ವರ್ಷ ಮೊದಲೇ, ಕೆಲಸ ಭದ್ರವಾಗಿರುವಾಗ, ದುಡಿಯುವ ಸಂಗಾತಿಯನ್ನು ಸಹ ಸಾಲಗಾರರನ್ನಾಗಿ ಸೇರಿಸಿ, ಅವರೊಬ್ಬರ ಸಂಬಳಕ್ಕೆ ನಿಲ್ಲುವಷ್ಟು ಮಿತಿ ಮಾತ್ರ ಕೇಳುವುದು ನೇರವಾದ ದಾರಿ. ಆಸ್ತಿಯ ಕಾಗದಗಳಿಗೂ ಸಮಯ ಬೇಕು. ಪೂರ್ತಿ ಸಕ್ರಮವಲ್ಲದ ಬಿ ಖಾತಾ ಆಸ್ತಿಗೆ, ಪಂಚಾಯಿತಿ ವ್ಯಾಪ್ತಿಯ ಅಂಥದೇ ನಮೂನೆ 11ಬಿ ಆಸ್ತಿಗೆ ಬಹುತೇಕ ಬ್ಯಾಂಕುಗಳು ಹಿಂದೇಟು ಹಾಕುತ್ತವೆ. ಕೊಡುವ ಹಣಕಾಸು ಸಂಸ್ಥೆಗಳು ಬಡ್ಡಿ ಏರಿಸುತ್ತವೆ. ಇ-ಖಾತಾ, ಇಸಿ (ಋಣಭಾರ ಪತ್ರ), ತೆರಿಗೆ ರಸೀದಿ, ಅನುಮೋದಿತ ನಕ್ಷೆ ಸರಿಯಿವೆಯೇ ಎಂದು ಈಗಲೇ ನೋಡುವುದು ವಾಸಿ. ನಕ್ಷೆಯಲ್ಲಿಲ್ಲದ ಒಂದು ಮಹಡಿ ಎದ್ದಿದ್ದರೆ ಅದರ ಮೌಲ್ಯವನ್ನು ಲೆಕ್ಕಕ್ಕೇ ಹಿಡಿಯದ ಬ್ಯಾಂಕುಗಳಿವೆ.

ನಮ್ಮಲ್ಲಿ ಇನ್ನೊಂದು ದಾರಿ ಬಹಳ ಚಾಲ್ತಿಯಲ್ಲಿದೆ: ಮನೆಯನ್ನು ಲೀಸ್‌ಗೆ, ಅಂದರೆ ಭೋಗ್ಯಕ್ಕೆ ಕೊಡುವುದು. ದೊಡ್ಡ ಮೊತ್ತ ಒಟ್ಟಿಗೆ ಕೈಗೆ, ಬಡ್ಡಿ ಇಲ್ಲ, ಬಾಡಿಗೆ ಇಲ್ಲ, ಎರಡು ಮೂರು ವರ್ಷದ ಮೇಲೆ ಅಸಲು ವಾಪಸು. ಕೈಯಲ್ಲಿ ಕಾಸಿಲ್ಲದ ಮನೆಮಾಲೀಕರಿಗೆ ಹೇಳಿ ಮಾಡಿಸಿದಂತೆ ತೋರುತ್ತದೆ. ಬಡ್ಡಿ ಇಲ್ಲ ಎಂಬ ಮಾತನ್ನು ಒಮ್ಮೆ ಬಿಡಿಸಿ ನೋಡಿ. ತಿಂಗಳಿಗೆ 20,000 ಬಾಡಿಗೆ ಬರಬಹುದಾದ ಮನೆಯನ್ನು 12 ಲಕ್ಷಕ್ಕೆ ಭೋಗ್ಯಕ್ಕೆ ಕೊಟ್ಟರೆ ವರ್ಷಕ್ಕೆ ಬಿಟ್ಟುಕೊಟ್ಟ ಬಾಡಿಗೆ 2.4 ಲಕ್ಷ. 12 ಲಕ್ಷಕ್ಕೆ 2.4 ಲಕ್ಷವೆಂದರೆ ಶೇ. 20 ಬಡ್ಡಿ. 15 ಲಕ್ಷ ಸಿಕ್ಕರೂ ಶೇ. 16. ಶೇ. 9.5ಕ್ಕೆ ಸಾಲ ಸಿಗುವವರು ಇದಕ್ಕೆ ಕೈ ಹಾಕಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಅಪಾಯ ಬಡ್ಡಿಗಷ್ಟೇ ಸೀಮಿತವಲ್ಲ. ಗೃಹಸಾಲ ಬಾಕಿ ಇರುವ ಮನೆಯನ್ನು ಬ್ಯಾಂಕಿನ ಒಪ್ಪಿಗೆಯಿಲ್ಲದೆ ಭೋಗ್ಯಕ್ಕೆ ಕೊಡುವಂತಿಲ್ಲ ಎಂದು ಸಾಲದ ಕರಾರಿನಲ್ಲೇ ಸಾಮಾನ್ಯವಾಗಿ ಬರೆದಿರುತ್ತದೆ. ಒಂದು ವರ್ಷ ಮೀರಿದ ಗುತ್ತಿಗೆಗೆ ನೋಂದಣಿ ಕಡ್ಡಾಯ. ಛಾಪಾ ಕಾಗದದ ಮೇಲೆ ಬರೆದು ನೋಟರಿ ಮಾಡಿಸಿದ್ದು ಸಾಲದು. ಮಾಲೀಕರು ಕಂತು ತಪ್ಪಿಸಿ, ಲಕ್ಷಗಟ್ಟಲೆ ಕೊಟ್ಟು ಒಳಗಿರುವ ಕುಟುಂಬ ಬಾಗಿಲಿಗೆ ಅಂಟಿಸಿದ ಬ್ಯಾಂಕ್ ನೋಟಿಸ್ ನೋಡಿ ಕಂಗಾಲಾದ ಪ್ರಕರಣಗಳು ಬೆಂಗಳೂರಿನಲ್ಲಿ ಮತ್ತೆ ಮತ್ತೆ ಸುದ್ದಿಯಾಗಿವೆ. ಅವರದೂ ಜೀವಮಾನದ ಉಳಿತಾಯವೇ. ಹೊಸ ವೃತ್ತಿಯ ಕನಸಿಗೆ ಇನ್ನೊಂದು ಮನೆಯವರ ದುಡ್ಡನ್ನು ಒಡ್ಡುವುದು ನ್ಯಾಯವಲ್ಲ. ಅವಧಿ ಮುಗಿದಾಗ ಕೈಯಲ್ಲಿ ಹಣವಿಲ್ಲದೆ ಹೊಸ ಭೋಗ್ಯದವರಿಂದ ಪಡೆದು ಹಳಬರಿಗೆ ಕೊಡುವ ಸರಪಳಿ ಬೆಳೆಯುತ್ತದೆ. ಅದು ತುಂಡಾದರೆ ಮನೆ ಮಾರದೆ ವಿಧಿಯಿಲ್ಲ.

ಹಾಗಾದರೆ ಮನೆ ಬಾಡಿಗೆಗೆ ಕೊಟ್ಟು ಚಿಕ್ಕ ಮನೆಗೆ ಹೋದರೆ? ಮೊದಲ ವರ್ಷದ ಲೆಕ್ಕ ಆಸೆ ಹುಟ್ಟಿಸುವಂತಿಲ್ಲ. 28,000ಕ್ಕೆ ಕೊಟ್ಟು 16,000ದ ಮನೆಗೆ ಹೋದಿರಿ ಎನ್ನಿ. ಒಂದು ತಿಂಗಳು ಖಾಲಿ ಬಿದ್ದರೆ ಬರುವುದು 3.08 ಲಕ್ಷ, ಕೊಡುವುದು 1.92 ಲಕ್ಷ. ಬಣ್ಣಕ್ಕೆ 35,000, ದಲ್ಲಾಳಿಗೆ 28,000, ಸಾಮಾನು ಸಾಗಿಸಲು 20,000 ಕಳೆದರೆ ಉಳಿಯುವುದು 33,000. ಎರಡನೇ ವರ್ಷದಿಂದ ಮಾತ್ರ ಲಕ್ಷ ದಾಟಿ ಉಳಿಯುತ್ತದೆ. ಸಂಬಳವಿಲ್ಲದ ಕಾಲ ವರ್ಷದೊಳಗೆ ಮುಗಿಯುವಂತಿದ್ದರೆ ಇದು ಶ್ರಮಕ್ಕೆ ತಕ್ಕದ್ದಲ್ಲ. 30 ತಿಂಗಳಿಗೆ ಹೌದು. ತುಮಕೂರು, ಹಾಸನದಂಥ ಕಡೆ ತಂದೆತಾಯಿಯ ಮನೆಯಿದ್ದು ಬಿ.ಇಡಿ. ಕಾಲೇಜೂ ಅಲ್ಲೇ ಸಿಕ್ಕರೆ, ಸಂಗಾತಿಯ ಕೆಲಸ ಅಲ್ಲಿಂದ ಸಾಧ್ಯವಾದರೆ, ಲೆಕ್ಕವೇ ಬದಲಾಗುತ್ತದೆ: 28,000 ಬಾಡಿಗೆ 24,157ರ ಕಂತನ್ನು ಪೂರ್ತಿ ಹೊರುತ್ತದೆ. ಬಾಡಿಗೆಯ ಮುಂಗಡವನ್ನು ಮಾತ್ರ ಖರ್ಚಿಗೆ ಮುಟ್ಟಬಾರದು, ಅದು ಬಾಡಿಗೆದಾರರ ಹಣ. ತೆರಿಗೆಯಲ್ಲಿ ಬಾಡಿಗೆ ಆದಾಯದಿಂದ ಆಸ್ತಿ ತೆರಿಗೆ ಕಳೆದು, ಉಳಿದದ್ದರಲ್ಲಿ ಶೇ. 30 ನೇರ ವಿನಾಯಿತಿ ಇದೆ. ಬಾಡಿಗೆಗೆ ಕೊಟ್ಟ ಮನೆಯ ಸಾಲದ ಬಡ್ಡಿಯನ್ನು ಹೊಸ ತೆರಿಗೆ ಪದ್ಧತಿಯಲ್ಲೂ ಬಾಡಿಗೆಯ ಮಟ್ಟಿಗೆ ಕಳೆಯಬಹುದು, ಸ್ವಂತ ವಾಸದ ಮನೆಗೆ ಆ ಪದ್ಧತಿಯಲ್ಲಿ ಅದು ಇಲ್ಲ.

ಶುಲ್ಕದ ಭಾಗಕ್ಕೆ ಶಿಕ್ಷಣ ಸಾಲ ನೋಡಬಹುದು. 4 ಲಕ್ಷದವರೆಗೆ ಅಡಮಾನ ಕೇಳುವುದಿಲ್ಲ. ಮರುಪಾವತಿ ಕೋರ್ಸು ಮುಗಿದು ಒಂದು ವರ್ಷದ ನಂತರ ಶುರು. ಸಂಬಳವಿಲ್ಲದ ತಿಂಗಳುಗಳಲ್ಲಿ ಇದು ಕಂತು ಬೇಡುವುದಿಲ್ಲ. ಸಣ್ಣ ಮೊತ್ತದ ಚಿನ್ನದ ಸಾಲಕ್ಕೆ ಸಾಮಾನ್ಯವಾಗಿ ಸಂಬಳದ ಚೀಟಿ ಬೇಕಿಲ್ಲ, ಬೇಗ ಸಿಗುತ್ತದೆ. ಆ ಕಾರಣಕ್ಕಾಗಿಯೇ ಅದನ್ನು ಮೊದಲು ಬಳಸದೆ ಕೊನೆಗೆ ಉಳಿಸಿಕೊಳ್ಳಬೇಕು: ಉಳಿದೆಲ್ಲ ಬಾಗಿಲು ಮುಚ್ಚಿದ ಮೇಲೂ ತೆರೆದಿರುವ ಬಾಗಿಲು ಅದು.

ಕೆಲಸ ಬಿಡುವ ದಿನಾಂಕಕ್ಕೂ ಬೆಲೆಯಿದೆ. ಒಂದೇ ಕಡೆ 5 ವರ್ಷ ತುಂಬಿದರೆ ಗ್ರಾಚ್ಯುಟಿ, ಅಂದರೆ ಸೇವೆಗಾಗಿ ಕಂಪನಿ ಕೊನೆಗೆ ಕೊಡುವ ಹಣ. ಮೂಲವೇತನ 40,000, ಸೇವೆ 9 ವರ್ಷವಾದರೆ 15ರಿಂದ ಗುಣಿಸಿ 26ರಿಂದ ಭಾಗಿಸುವ ಸೂತ್ರದಲ್ಲಿ 2.08 ಲಕ್ಷ ಬರುತ್ತದೆ. ನಾಲ್ಕೂವರೆ ವರ್ಷ ಮುಗಿಸಿದವರು ಆರು ತಿಂಗಳು ತಡೆದುಕೊಳ್ಳುವುದು ಲೇಸು. ಪಿಎಫ್ ಬಗ್ಗೆ: 2025ರ ಅಕ್ಟೋಬರ್‌ನಲ್ಲಿ ಇಪಿಎಫ್‌ಒ ಕೇಂದ್ರ ಮಂಡಳಿ ಕೈಗೊಂಡ ತೀರ್ಮಾನದಂತೆ ಕೆಲಸವಿಲ್ಲದವರು ಶೇ. 75ರಷ್ಟನ್ನು ಕೂಡಲೇ ತೆಗೆಯಬಹುದು, ಪೂರ್ತಿ ಇತ್ಯರ್ಥಕ್ಕೆ 12 ತಿಂಗಳು ಕಾಯಬೇಕು. ತೆಗೆಯಬಹುದು ಎಂಬುದು ತೆಗೆಯಬೇಕೆಂದಲ್ಲ. ನಲವತ್ತರಲ್ಲಿ ಖಾಲಿಯಾದ ಪಿಎಫ್ ಶಿಕ್ಷಕರ ಸಂಬಳದಲ್ಲಿ ಮತ್ತೆ ತುಂಬುವುದು ಕಷ್ಟ. 5 ವರ್ಷ ಸೇವೆಯಾಗದೆ ತೆಗೆದರೆ ತೆರಿಗೆಯೂ ಬೀಳುತ್ತದೆ.

ವಿಮೆಯನ್ನು ಮರೆಯುವವರೇ ಹೆಚ್ಚು. ಕಂಪನಿಯ ಗುಂಪು ಆರೋಗ್ಯ ವಿಮೆ ಸಾಮಾನ್ಯವಾಗಿ ಕೊನೆಯ ದಿನಕ್ಕೇ ಮುಗಿಯುತ್ತದೆ. ಅದನ್ನು ವೈಯಕ್ತಿಕ ಪಾಲಿಸಿಯಾಗಿ ಬದಲಿಸಿಕೊಂಡರೆ ಕಾಯುವ ಅವಧಿಯ ಲಾಭ ಉಳಿಯುತ್ತದೆ, ಆದರೆ ಅರ್ಜಿ ಗುಂಪು ವಿಮೆ ಜೀವಂತವಿರುವಾಗಲೇ ಹೋಗಬೇಕು. ಟರ್ಮ್ ವಿಮೆಗೆ ಆದಾಯದ ಪುರಾವೆ ಬೇಕು. ಸಾಲದ ಬಾಕಿ ತೀರುವಷ್ಟು ಮೊತ್ತಕ್ಕೆ ಅದನ್ನೂ ಮೊದಲೇ ಮಾಡಿಸಬೇಕು. ಗೃಹಸಾಲದ ಜೊತೆ ಮಾರುವ ಉದ್ಯೋಗನಷ್ಟ ವಿಮೆ ಕಂಪನಿ ತೆಗೆದುಹಾಕಿದವರಿಗೆ ಮಾತ್ರ, ತಾವಾಗಿ ಬಿಟ್ಟವರಿಗಲ್ಲ.

ಕಂತು ತಪ್ಪಿದರೆ ಏನಾಗುತ್ತದೆ ಎಂಬುದು ಗೊತ್ತಿದ್ದರೆ ಭಯ ಹತೋಟಿಯಲ್ಲಿರುತ್ತದೆ. ಕಂತು 5ನೇ ತಾರೀಖಿಗಿದ್ದರೆ ಹಣ 4ರ ಸಂಜೆಗೇ ಖಾತೆಯಲ್ಲಿರಬೇಕು, ಏಕೆಂದರೆ ಕಡಿತ ಬೆಳಗಿನ ಜಾವವೇ ಬರಬಹುದು. ನೂರು ರೂಪಾಯಿ ಕಡಿಮೆಯಿದ್ದರೂ ಪೂರ್ತಿ ಕಂತು ಬೌನ್ಸ್. ಖಾತೆಯಿರುವ ಬ್ಯಾಂಕೂ ಸಾಲ ಕೊಟ್ಟ ಸಂಸ್ಥೆಯೂ ಬೇರೆ ಬೇರೆ ದಂಡ ಹಾಕುತ್ತವೆ. 90 ದಿನ ಮೀರಿದರೆ ಸಾಲ ಎನ್‌ಪಿಎ, ಅಂದರೆ ಬ್ಯಾಂಕಿನ ಲೆಕ್ಕದಲ್ಲಿ ಕೆಟ್ಟ ಸಾಲ. ಆಮೇಲೆ ಅಡವಿಟ್ಟ ಆಸ್ತಿಯನ್ನು ವಶಕ್ಕೆ ಪಡೆಯಲು ಬ್ಯಾಂಕಿಗೆ ಅವಕಾಶ ಕೊಡುವ ಸರ್ಫೇಸಿ ಕಾಯ್ದೆಯ ನೋಟಿಸ್, ಪಾವತಿಗೆ 60 ದಿನ, ನಂತರ ಸ್ವಾಧೀನ. ಮೊದಲ ಕಂತು ತಪ್ಪುವ ಮುನ್ನ ಶಾಖೆಗೆ ಹೋದವರ ಜೊತೆ ಬ್ಯಾಂಕು ಮಾತಿಗೆ ಸಿಗುತ್ತದೆ, ಮೂರನೆಯದು ತಪ್ಪಿದ ಮೇಲೆ ಹೋದವರಿಗೆ ವಸೂಲಿ ವಿಭಾಗದ ಫೋನ್ ನಂಬರ್ ಸಿಗುತ್ತದೆ. ಮೂರು ಕಂತಿನಷ್ಟು ಹಣವನ್ನು, ನಮ್ಮ ಉದಾಹರಣೆಯಲ್ಲಿ 72,500 ರೂಪಾಯಿಯನ್ನು, ಬೇರೆ ಖಾತೆಯಲ್ಲಿಟ್ಟು ಬೇರಾವುದಕ್ಕೂ ಮುಟ್ಟದಿರುವುದು ಇದಕ್ಕಾಗಿ.

ಇನ್ನು ಉಳಿದದ್ದು ಹೊಸ ಸಂಬಳ ಶುರುವಾದ ಮೇಲಿನ ಕೆಲಸ. ಅವಧಿ ಹಿಗ್ಗಿಸಿದ ಸಾಲವನ್ನು ಹಾಗೇ ಬಿಟ್ಟರೆ 25 ವರ್ಷಕ್ಕೆ ಕಟ್ಟುವ ಬಡ್ಡಿ 42.5 ಲಕ್ಷ, ಹಳೆ ಲೆಕ್ಕದಲ್ಲಿ 23.2 ಲಕ್ಷವಿತ್ತು. 19 ಲಕ್ಷ ಹೆಚ್ಚು. ಬದಲಿಗೆ 30 ತಿಂಗಳ ನಂತರ ಮೊದಲಿನ ಕೊನೆ ದಿನಾಂಕಕ್ಕೇ ಸಾಲ ತೀರುವಂತೆ ಮಾಡಿಸಿಕೊಂಡರೆ ಬಾಕಿ 29.03 ಲಕ್ಷಕ್ಕೆ ಕಂತು 31,487 ಆಗುತ್ತದೆ. ಹಳೆಯದಕ್ಕಿಂತ 1,945 ಹೆಚ್ಚು, 150 ತಿಂಗಳಿಗೆ 2.92 ಲಕ್ಷ. 30 ತಿಂಗಳಲ್ಲಿ ಉಳಿಸಿಕೊಂಡ 1.62 ಲಕ್ಷ ಕಳೆದರೆ ಆ ಬಿಡುವಿನ ನಿಜವಾದ ಬೆಲೆ ಸುಮಾರು 1.3 ಲಕ್ಷ. ಶಿಕ್ಷಕರ ಮೊದಲ ಸಂಬಳಕ್ಕೆ ಒಮ್ಮೆಲೇ 31,487 ಭಾರವೆನಿಸಿದರೆ ಮೊದಲು 27,000, ಮರುವರ್ಷ 29,000 ಎಂದು ಏರಿಸಿಕೊಳ್ಳಬಹುದು. ಬದಲಾಗುವ ಬಡ್ಡಿದರದ ಗೃಹಸಾಲಕ್ಕೆ ವ್ಯಕ್ತಿಗಳು ಮುಂಗಡ ಕಟ್ಟಿದರೆ ದಂಡವಿಲ್ಲ. ಕಂತು ಏರಿಸುವ ಆ ಪತ್ರವನ್ನು ಹೊಸ ಕೆಲಸದ ಮೊದಲ ಸಂಬಳದ ಚೀಟಿಯ ಜೊತೆಗೇ ಶಾಖೆಗೆ ಕೊಟ್ಟು, ಪರಿಷ್ಕೃತ ಮರುಪಾವತಿ ಪಟ್ಟಿಯನ್ನು ಕೇಳಿ ಪಡೆದು, ಕೊನೆಯ ಕಂತಿನ ತಿಂಗಳು ಯಾವುದೆಂದು ಅಲ್ಲೇ ನೋಡಿಕೊಂಡು ಬರಬೇಕು.